ಮನದ ಮಂಡಿಗೆ ಮನೆಯ ಮಂಡಿಗೆಯಾದ ಬಗೆ

ಕೈಗೂಡದ ಆಸೆಗಳನ್ನು ಒಳಗೊಳಗೇ ಸವಿಯುತ್ತ ಕುಳಿತವರನ್ನು ಕಂಡಾಗ ‘ಮನಸ್ಸಿನಲ್ಲಿ ಮಂಡಿಗೆ ತಿನ್ನುತ್ತಿದ್ದಾನೆ’ ಎಂದು ನಮ್ಮ ಹಿರಿಯರು ನಗುತ್ತಿದ್ದರು. ಈ ಮಾತು ಕನ್ನಡ ನಾಡಿನ ಎಲ್ಲ ಸೀಮೆಗಳಲ್ಲಿಯೂ ಬಳಕೆಯಲ್ಲಿದೆ. ಆದರೆ ಆ ಮಂಡಿಗೆಯನ್ನು ಕಣ್ಣಾರೆ ಕಂಡವರು, ಕೈಯಿಂದ ಮುರಿದು ಹಾಲಿನಲ್ಲಿ ನೆನೆಸಿ ಉಂಡವರು ಎಷ್ಟು ಮಂದಿ? ತುಮಕೂರು ಸೀಮೆಯಲ್ಲಿ ಹುಟ್ಟಿ ಬೆಳೆದ ನಾವಂತೂ ಮದುವೆಯಾಗುವವರೆಗೆ ಮಂಡಿಗೆಯೆಂಬುದು ಗಾದೆಯೊಳಗಿನ ತಿಂಡಿ ಎಂದೇ ಭಾವಿಸಿದ್ದೆವು. ನಮ್ಮ ತವರಿನಲ್ಲಿ ಹಬ್ಬವೆಂದರೆ ಬೇಳೆ ಒಬ್ಬಟ್ಟು, ಕಾಯಿ ಒಬ್ಬಟ್ಟು. ಬೆಳಗಾವಿ ಸೀಮೆಯ ಮನೆತನಕ್ಕೆ ಸೊಸೆಯಾಗಿ ಬಂದ ಮೇಲೆಯೇ ಮಂಡಿಗೆಯ ನಿಜವಾದ ದರ್ಶನ ನಮಗಾಯಿತು.

ಮಂಡಿಗೆಯನ್ನು ನೋಡದವರಿಗಾಗಿ ಎರಡು ಮಾತು. ಹೋಳಿಗೆಯಂತೆ ಇದಕ್ಕೂ ಕಣಕವುಂಟು, ಹೂರಣವುಂಟು. ಆದರೆ ಹೂರಣ ಬೇಳೆಯದಲ್ಲ. ಪುಡಿಸಕ್ಕರೆ, ತುಪ್ಪ, ಗಸಗಸೆ, ಏಲಕ್ಕಿಗಳದು. ಕೆಲವು ಮನೆಗಳಲ್ಲಿ ಖೋವಾವನ್ನೂ ಬೆರೆಸುತ್ತಾರೆ. ಹೂರಣ ತುಂಬಿದ ಕಣಕವನ್ನು ಲಟ್ಟಿಸಿ, ಬಳಿಕ ಎರಡೂ ಕೈಗಳ ಮೇಲೆ ತಿರುಗಿಸುತ್ತ ಸೆರಗಿನಷ್ಟು ತೆಳ್ಳಗೆ ಹಿಗ್ಗಿಸಿ, ಕೆಂಡದ ಮೇಲೆ ಬೋರಲು ಹಾಕಿದ ಗಡಿಗೆಯ ಬೆನ್ನಿಗೆ ಹೊದಿಸುತ್ತಾರೆ. ನಿಮಿಷ ಮಾತ್ರದಲ್ಲಿ ಬೆಂದ ಹಾಳೆಯನ್ನು ಬಿಸಿಯಿರುವಾಗಲೇ ಮಡಿಚುತ್ತಾರೆ. ಆರಿದ ಮೇಲೆ ಅದು ಗರಿಗರಿಯಾಗಿ, ಮುಟ್ಟಿದರೆ ಮುರಿಯುವಂತಾಗುತ್ತದೆ. ಅದನ್ನು ಬಟ್ಟಲಿಗೆ ಪುಡಿಮಾಡಿಕೊಂಡು, ಕೆನೆಗಟ್ಟಿದ ಬಿಸಿಹಾಲು ಸುರಿದು, ಮೇಲೊಂದು ಚಮಚ ತುಪ್ಪ ಹಾಕಿ ಉಣ್ಣುವುದು ಬೆಳಗಾವಿಯ ಪದ್ಧತಿ. ಆ ಸೀಮೆಯ ಮದುವೆಗಳಲ್ಲಿ ಮಂಡಿಗೆಗೆ ಸಲ್ಲುವ ಗೌರವವೇ ಬೇರೆ.

ಕಲ್ಯಾಣದ ಅರಮನೆಯಿಂದ ಬಂದ ತಿನಿಸು

ಇದು ನಿನ್ನೆ ಮೊನ್ನೆಯ ತಿನಿಸಲ್ಲ. ೧೨ನೆಯ ಶತಮಾನದ ಮೊದಲರ್ಧದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮಂಡಕ’ದ ವರ್ಣನೆಯಿದೆ. ಗೋಧಿಯನ್ನು ತೊಳೆದು ಒಣಗಿಸಿ, ಬೀಸಿ, ಜರಡಿ ಹಿಡಿದು, ತುಪ್ಪ ಉಪ್ಪುಗಳನ್ನು ಸೇರಿಸಿ ನಾದಿ, ಕೈಗಳಿಂದ ಹರಡಿ ಕಾದ ಮಣ್ಣಿನ ಪಾತ್ರೆಯ ಮೇಲೆ ಬೇಯಿಸುವ ಕ್ರಮವನ್ನು ಅರಸನೇ ಬರೆದಿಟ್ಟಿದ್ದಾನೆ. ಹೋಳಿಗೆಯ ಪೂರ್ವರೂಪವಾದ ‘ಪೋಲಿಕೆ’ಯ ಪ್ರಸ್ತಾಪವೂ ಅಲ್ಲಿದೆ. ಕೆಲವೇ ದಶಕಗಳ ಬಳಿಕ ಬಸವಾದಿ ಶರಣರಿಂದ ಜಗತ್ಪ್ರಸಿದ್ಧವಾದುದು ಇದೇ ಕಲ್ಯಾಣ. ಮುಂದೆ ೧೬ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡ ಪದ್ಯಗಳಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿದಾಗ, ಹಿಟ್ಟಿನ ತಿನಿಸುಗಳಿಗಾಗಿಯೇ ‘ಪಿಷ್ಟಪಾಕ’ವೆಂಬ ಅಧ್ಯಾಯವನ್ನು ಮೀಸಲಿಟ್ಟನು. ಅಡುಗೆಯನ್ನು ಬರೆದಿಡುವುದು ನಮ್ಮ ನಾಡಿನಲ್ಲಿ ಅರಸರೂ ಕವಿಗಳೂ ಮಾಡಿದ ಕೆಲಸ. ಮನೆಮನೆಯ ತಾಯಂದಿರ ಅಡುಗೆಯನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಅದು ಕೈಯಿಂದ ಕೈಗೆ ದಾಟುತ್ತ ಬಂದಿತು. ಕೈ ಸೋತಲ್ಲಿ ಅದೂ ನಿಂತುಹೋಯಿತು.

ಈ ಮಾತನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ.

ಯಶವಂತಪುರದ ನಿಲ್ದಾಣದಿಂದ ಯಲಹಂಕದ ಅಡುಗೆಮನೆಗೆ

ಉತ್ತರ ಬೆಂಗಳೂರಿನ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳಲ್ಲಿ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯಿಂದ ನೌಕರಿಗಾಗಿ, ವ್ಯಾಪಾರಕ್ಕಾಗಿ, ಮಕ್ಕಳ ಓದಿಗಾಗಿ ಬಂದು ನೆಲೆಸಿದ ಮನೆಗಳು ಅನೇಕ. ನಮ್ಮ ಯಜಮಾನರು ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು. ಊರಿನಿಂದ ಬರುವ ನೆಂಟರು ರಾಣಿ ಚೆನ್ನಮ್ಮ ರೈಲಿನಲ್ಲಿ ರಾತ್ರಿಯಿಡೀ ಪಯಣಿಸಿ ಬೆಳಗಿನ ಹೊತ್ತಿಗೆ ಯಶವಂತಪುರದಲ್ಲಿ ಇಳಿಯುತ್ತಿದ್ದರು. ಅವರ ಕೈಯಲ್ಲಿ ಕುಂದಾದ ಪೊಟ್ಟಣ, ಹಳೆಯ ಸೀರೆಯಲ್ಲಿ ಸುತ್ತಿದ ತಗಡಿನ ಡಬ್ಬಿ ಇರುತ್ತಿದ್ದವು. ಡಬ್ಬಿಯೊಳಗೆ ಮಂಡಿಗೆ. ಎಷ್ಟೇ ಜೋಪಾನ ಮಾಡಿದರೂ ರೈಲಿನ ಕುಲುಕಾಟಕ್ಕೆ ಅರ್ಧಕ್ಕರ್ಧ ಚೂರಾಗಿಯೇ ಬರುತ್ತಿತ್ತು. ‘ಹೆಂಗೂ ಮುರದs ತಿನ್ನೂದಲ್ಲೇನು?’ ಎಂದು ನಮ್ಮ ಅತ್ತೆಯವರು ಸಮಾಧಾನ ಹೇಳುತ್ತಿದ್ದರು.

ಅತ್ತೆಯವರು ಪ್ರಾಯದಲ್ಲಿ ಊರ ಮದುವೆಗಳಿಗೆ ಮಂಡಿಗೆ ಮಾಡಲು ಹೋಗುತ್ತಿದ್ದವರು. ಯಲಹಂಕಕ್ಕೆ ಬಂದ ಮೇಲೆ ಒಲೆಯಿಲ್ಲ, ಗಡಿಗೆಯಿಲ್ಲ, ಸಾಲಾಗಿ ಕುಳಿತು ಹಾಡುತ್ತ ಲಟ್ಟಿಸುವ ನಾಲ್ವರು ಹೆಣ್ಣುಮಕ್ಕಳಿಲ್ಲ. ಆದರೂ ಬಸವ ಜಯಂತಿಗೊಮ್ಮೆ ಕಬ್ಬಿಣದ ಬಾಣಲೆಯನ್ನು ಬೋರಲು ಹಾಕಿ ಹತ್ತಾರು ಚಿಕ್ಕ ಮಂಡಿಗೆಗಳನ್ನು ಮಾಡುತ್ತಿದ್ದರು. ನಾವು ಹಾಲು ಕಾಯಿಸುವುದು, ಏಲಕ್ಕಿ ಕುಟ್ಟುವುದು, ಡಬ್ಬಿ ತುಂಬುವುದು ಇಷ್ಟರಲ್ಲಿಯೇ ತೃಪ್ತರಾಗಿದ್ದೆವು. ‘ಅಳತೆ ಹೇಳಿ ಅತ್ತೆ’ ಎಂದು ಕೇಳಿದರೆ, ‘ಅಳತಿ ಏನೈತಿ ಯವ್ವಾ, ಮಂಡಿಗಿಗೊಂದು ಹಿಡಿ’ ಎಂದು ಬಲಗೈ ಮುಷ್ಟಿ ಹಿಡಿದು ತೋರಿಸುತ್ತಿದ್ದರು. ಮುಂದಿನ ವರ್ಷ ಕಲಿತರಾಯಿತು ಎಂದು ನಾವು ವರುಷಗಳನ್ನೇ ಕಳೆದೆವು.

ಒಂದು ಚಳಿಗಾಲದ ಮುಂಜಾನೆ ಅತ್ತೆಯವರಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಮಾತು ಮೆಲ್ಲಮೆಲ್ಲನೆ ಮರಳಿತು. ಬಲಗೈ ಮಾತ್ರ ಮರಳಲಿಲ್ಲ. ಆ ಕೈಯ ಹಿಡಿ ಎಷ್ಟು ತೂಗುತ್ತಿತ್ತೆಂಬುದನ್ನು ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿದ್ದ ನಾವು ಒಮ್ಮೆಯೂ ತೂಗಿ ನೋಡಿರಲಿಲ್ಲ.

ಕೆಟ್ಟ ಮೂರು ಮಂಡಿಗೆ, ನೆಟ್ಟಗಾದ ಒಂದು

ಆ ವರ್ಷದ ಬಸವ ಜಯಂತಿಗೆ ಮಂಡಿಗೆ ಬೇಡವೆಂದೇ ನಿಶ್ಚಯಿಸಿದ್ದೆವು. ಆದರೆ ಮಗಳು ಹಟ ಹಿಡಿದಳು: ‘ಆಯಿ ಕುರ್ಚಿ ಮೇಲೆ ಕೂತು ಹೇಳಲಿ, ನಾವು ಮಾಡೋಣ.’ ಅತ್ತೆಯವರನ್ನು ಅಡುಗೆಮನೆಯ ಬಾಗಿಲ ಬಳಿ ಕೂರಿಸಿದೆವು.

ಮೊದಲನೆಯದು ನಮ್ಮ ಜಾಣತನದಿಂದ ಕೆಟ್ಟಿತು. ಹೂರಣ ರುಚಿಯಾಗಲೆಂದು ಮನೆಯ ಹಾಲಿನ ಕೆನೆಯನ್ನು ಸಕ್ಕರೆಗೆ ಬೆರೆಸಿದೆವು. ಬಾಣಲೆಗೆ ತಾಗುತ್ತಲೇ ಸಕ್ಕರೆ ನೀರಾಗಿ ಹರಿದು, ಹಾಳೆ ತೂತು ಬಿದ್ದು, ಪಾಕ ಬರ್ನರಿನ ಮೇಲೆ ಸುರಿದು ಮನೆತುಂಬ ಹೊಗೆಯಾಯಿತು. ‘ಕೆನಿ ಮ್ಯಾಲ ಹಾಕೂದು ಯವ್ವಾ, ಒಳಗ ಅಲ್ಲ’ ಎಂದರು ಅತ್ತೆ. ಎರಡನೆಯದಕ್ಕೆ ಕಣಕ ಹಿಗ್ಗಲೊಲ್ಲದು. ಎಳೆದಷ್ಟೂ ರಬ್ಬರಿನಂತೆ ಹಿಂದಕ್ಕೆ ಸರಿಯಿತು. ‘ಅದಕ ಇನ್ನೂ ನಿದ್ದಿ ಸಾಲದು, ಎಬ್ಬಸಬ್ಯಾಡ’ ಎಂದು ಇನ್ನೊಂದು ತಾಸು ಕಾಯಿಸಿದರು. ಮೂರನೆಯದನ್ನು ಕೈಮೇಲೆ ತಿರುಗಿಸುವಾಗ ನಮ್ಮ ಉಂಗುರ ಸಿಕ್ಕಿ ಹಾಳೆ ಸೀಳಿತು. ಈ ಬಾರಿ ಅವರು ಮಾತಾಡಲಿಲ್ಲ, ನಮ್ಮ ಬೆರಳನ್ನಷ್ಟೇ ನೋಡಿದರು. ಉಂಗುರ, ಬಳೆ ತೆಗೆದಿಟ್ಟೆವು.

ನಾಲ್ಕನೆಯದನ್ನು ಹಿಗ್ಗಿಸಿದವನು ಕಾಲೇಜಿನಲ್ಲಿ ಓದುತ್ತಿದ್ದ ಮಗ. ಅವನ ಕೈ ದೊಡ್ಡದು, ಅವಸರವಿಲ್ಲದ್ದು. ಹಾಳೆ ಬಾಣಲೆಯ ಬೆನ್ನನ್ನು ಹೊದ್ದು ಸುಯ್ಯೆಂದಿತು. ಆ ಸದ್ದು ಕೇಳುತ್ತಲೇ ಅತ್ತೆಯವರು ಕುರ್ಚಿಯನ್ನು ಮುಂದೆ ಸರಿಸಲು ಹೇಳಿದರು. ಅಂಚು ಒಣಗಿ ಮೇಲೆದ್ದ ಕ್ಷಣ, ಯಾರೂ ಹೇಳುವ ಮೊದಲೇ, ತಮ್ಮ ಎಡಗೈಯಿಂದ ಅದನ್ನು ಎತ್ತಿ ಒಂದು ಮಡಿಕೆ ಮಡಿಚಿದರು. ಉಳಿದ ಮಡಿಕೆಗಳನ್ನು ಮೊಮ್ಮಗ ಮಡಿಚಿದ.

ಅಂದೇ ಸಂಜೆ ಮಗಳು ತಕ್ಕಡಿ ತಂದಿಟ್ಟು, ‘ಆಯಿ, ಒಂದು ಹಿಡಿ ಹಾಕು’ ಎಂದಳು. ಅತ್ತೆಯವರು ಎಡಗೈಯಿಂದ ಹೂರಣ ಹಿಡಿದು ಹಾಕಿದರು. ಐದು ಬಾರಿ ಹಾಕಿಸಿ ತೂಗಿದಳು. ಹೆಚ್ಚುಕಡಿಮೆ ೨೮ ಗ್ರಾಂ. ನೋಟುಪುಸ್ತಕದಲ್ಲಿ ‘ಆಯಿಯ ಎಡಗೈ ಹಿಡಿ: ೨೮ ಗ್ರಾಂ’ ಎಂದು ಬರೆದು ದಿನಾಂಕ ಹಾಕಿದಳು. ಕೆಳಗಿನ ಅಳತೆಗಳೆಲ್ಲ ಆ ಪುಸ್ತಕದವು.

ಮಾಡುವ ವಿಧಾನ

ಎಂಟು ಮಂಡಿಗೆಗಳಿಗೆ ಬೇಕಾದ ಸಾಮಗ್ರಿ ಇಷ್ಟು. ಕಣಕಕ್ಕೆ ೧೦೦ ಗ್ರಾಂ ಮೈದಾ, ೧೦೦ ಗ್ರಾಂ ಚಿರೋಟಿ ರವೆ, ಚಿಟಿಕೆ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ, ಸುಮಾರು ೧೨೦ ಮಿಲಿಲೀಟರ್ ನೀರು. ಹೂರಣಕ್ಕೆ ೧೫೦ ಗ್ರಾಂ ಸಕ್ಕರೆ, ೫೦ ಗ್ರಾಂ ಖೋವಾ, ಒಂದು ದೊಡ್ಡ ಚಮಚ ತುಪ್ಪ, ಎರಡು ಸಣ್ಣ ಚಮಚ ಗಸಗಸೆ, ನಾಲ್ಕು ಏಲಕ್ಕಿ.

ಮೈದಾ ರವೆಗಳನ್ನು ಉಪ್ಪುನೀರಿನಲ್ಲಿ ಕಲಸಿ, ಚಪಾತಿ ಹಿಟ್ಟಿಗಿಂತ ಸಡಿಲವಾಗಿ, ಹತ್ತು ಹದಿನೈದು ನಿಮಿಷ ಚೆನ್ನಾಗಿ ನಾದಬೇಕು. ನಾದುತ್ತ ನಾದುತ್ತ ಎಣ್ಣೆಯನ್ನು ಕುಡಿಸಬೇಕು. ಬಳಿಕ ಒದ್ದೆ ಬಟ್ಟೆ ಮುಚ್ಚಿ ಕನಿಷ್ಠ ಎರಡು ತಾಸು, ಸಾಧ್ಯವಾದರೆ ಮೂರು ತಾಸು ಬಿಡಬೇಕು.

ಖೋವಾವನ್ನು ಮನೆಯಲ್ಲಿಯೇ ಮಾಡಿಕೊಂಡರೆ ಒಳಿತು. ಗಟ್ಟಿ ಹಾಲು ಒಂದು ಲೀಟರಿಗೆ ಸುಮಾರು ೨೦೦ ಗ್ರಾಂ ಖೋವಾ ಬರುವುದರಿಂದ, ನಮ್ಮ ಅಳತೆಗೆ ಕಾಲು ಲೀಟರ್ ಹಾಲು ಸಾಕು. ಅಗಲ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ತಳ ಹಿಡಿಯದಂತೆ ಕೈಯಾಡಿಸುತ್ತ ಮುದ್ದೆಯಾಗುವವರೆಗೆ ಇಂಗಿಸಬೇಕು. ಆ ಮುದ್ದೆಯನ್ನು ಮತ್ತೆ ತುಪ್ಪದಲ್ಲಿ ಉದುರುದುರಾಗುವಂತೆ ಹುರಿದು, ಸಂಪೂರ್ಣ ಆರಿಸಬೇಕು. ಸಕ್ಕರೆಯನ್ನು ಏಲಕ್ಕಿಯೊಡನೆ ನುಣ್ಣಗೆ ಪುಡಿಮಾಡಿ ಜರಡಿ ಹಿಡಿದು, ಹುರಿದ ಗಸಗಸೆ, ಆರಿದ ಖೋವಾ ಸೇರಿಸಿ ಬೆರಳುಗಳಿಂದ ತಿಕ್ಕಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಒತ್ತಿದರೆ ಪುಡಿಯಾಗಬೇಕು. ಅದೇ ಹದ.

ಬಾಣಲೆಯ ವಿಷಯದಲ್ಲಿ ಎಚ್ಚರ ಅಗತ್ಯ. ಕಬ್ಬಿಣದ ದಪ್ಪ ಬಾಣಲೆಯೇ ಬೇಕು. ಅಂಟದ ಲೇಪನವಿರುವ ಪಾತ್ರೆಯನ್ನು ಬರಿದಾಗಿ ಇಷ್ಟು ಕಾಯಿಸಬಾರದು. ಬಾಣಲೆಯನ್ನು ನೇರವಾಗಿ ಗ್ಯಾಸ್ ಒಲೆಯ ಮೇಲೆ ಬೋರಲು ಹಾಕಿದರೆ ಗಾಳಿಯಾಡದೆ ಉರಿ ಆರುವ ಅಪಾಯವುಂಟು. ಆದುದರಿಂದ ಕಬ್ಬಿಣದ ಮುಕ್ಕಾಲಿಯ ಮೇಲೆ ಅಲುಗಾಡದಂತೆ ಇರಿಸಿ, ಸುತ್ತ ಎರಡು ಬೆರಳಿನಷ್ಟು ಸಂದು ಬಿಡಬೇಕು. ಕಿಟಕಿ ತೆರೆದಿರಲಿ, ಸಣ್ಣ ಮಕ್ಕಳು ದೂರವಿರಲಿ, ಸೆರಗನ್ನು ಸಿಕ್ಕಿಸಿಕೊಳ್ಳಿರಿ. ಎಂಟು ಹತ್ತು ನಿಮಿಷ ಕಾದ ಮೇಲೆ ನೀರಿನ ಹನಿ ಚಿಮುಕಿಸಿದರೆ ಅದು ಕುಣಿದು ಮಾಯವಾಗಬೇಕು. ಆಗ ಉರಿಯನ್ನು ಸಣ್ಣದು ಮಾಡಿ ಒಣ ಬಟ್ಟೆಯಿಂದ ಒರೆಸಿಕೊಳ್ಳಬೇಕು.

ಕಣಕವನ್ನು ಎಂಟು ಉಂಡೆ ಮಾಡಿ, ಒಂದೊಂದಕ್ಕೂ ಒಂದು ಹಿಡಿ, ಅಂದರೆ ೨೮ ಗ್ರಾಂ ಹೂರಣ ತುಂಬಿ, ಬಾಯಿ ಮುಚ್ಚಬೇಕು. ಅಕ್ಕಿಹಿಟ್ಟು ಉದುರಿಸಿ, ನಡುವಿನಿಂದ ಅಂಚಿಗೆ ಹಗುರವಾಗಿ ಗೇಣಗಲ ಲಟ್ಟಿಸಬೇಕು. ಬಳಿಕ ಎರಡೂ ಮುಷ್ಟಿಗಳ ಬೆನ್ನಮೇಲೆ ಎತ್ತಿಕೊಂಡು ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ಹಾಳೆ ತನ್ನ ಭಾರಕ್ಕೆ ತಾನೇ ಹಿಗ್ಗುತ್ತದೆ. ಮೊದಲ ಬಾರಿ ಮಾಡುವವರು ಒಂಬತ್ತು ಹತ್ತು ಅಂಗುಲಕ್ಕೆ ನಿಲ್ಲಿಸಿದರೆ ಸಾಕು. ಕೈ ಪಳಗಿದ ಮೇಲೆ ಹನ್ನೆರಡಾದೀತು. ಬಾಣಲೆಯ ಬೆನ್ನಿಗೆ ಹೊದಿಸಿ ಒಂದರಿಂದ ಒಂದೂವರೆ ನಿಮಿಷ ಬೇಯಿಸಬೇಕು. ಮಗುಚುವಂತಿಲ್ಲ. ಅಂಚು ಒಣಗಿ ಎದ್ದಾಗ ಎರಡು ಪಕ್ಕಗಳನ್ನು ಒಳಕ್ಕೆ ಮಡಿಚಿ, ಮೇಲಿನದನ್ನೂ ಕೆಳಗಿನದನ್ನೂ ತಂದು ಲಕೋಟೆಯಂತೆ ಮಾಡಿ ತೆಗೆಯಬೇಕು. ತಡಮಾಡಿದರೆ ಗರಿಗಟ್ಟಿ ಮಡಿಕೆಯಲ್ಲಿ ಮುರಿಯುತ್ತದೆ. ಬಿದಿರಿನ ಮೊರದ ಮೇಲೆ ಒಂದರ ಮೇಲೊಂದು ಬೀಳದಂತೆ ಆರಿಸಬೇಕು.

ಏಕೆ ಹೀಗೆ?

ಹಿರಿಯರ ಮಾತಿನ ಹಿಂದೆ ಕಾರಣವಿದ್ದೇ ಇರುತ್ತದೆ. ಗೋಧಿಯಲ್ಲಿ ಅಂಟಿನ ಅಂಶವಿದೆ. ನಾದಿದಾಗ ಅದು ಬಲೆಯಂತೆ ಹೆಣೆದುಕೊಂಡು ಬಿಗಿಯುತ್ತದೆ. ಬಿಟ್ಟರೆ ಆ ಬಿಗಿ ಸಡಿಲುತ್ತದೆ. ಅತ್ತೆಯವರು ಹೇಳಿದ ಕಣಕದ ನಿದ್ದೆ ಇದೇ. ಸಕ್ಕರೆಗೆ ನೀರಿನಂಶ ತಾಗಿದರೆ ಅದು ಬಿಸಿಗೆ ಕರಗಿ ಪಾಕವಾಗಿ, ತೆಳುವಾದ ಹಾಳೆಯನ್ನು ನೆನೆಸಿ ಹರಿಯುತ್ತದೆ. ಒಣ ಹೂರಣಕ್ಕೆ ಆ ತೊಂದರೆಯಿಲ್ಲ. ಸಕ್ಕರೆ ತರಿಯಾಗಿ ಉಳಿದರೆ ಅದರ ಮೂಲೆಗಳೇ ಸೂಜಿಯಂತೆ ಹಾಳೆಯನ್ನು ಚುಚ್ಚುತ್ತವೆ. ಜರಡಿ ಹಿಡಿಯುವುದು ಆ ಕಾರಣಕ್ಕಾಗಿ. ಸುಮಾರು ೧೬೦ ಡಿಗ್ರಿ ದಾಟಿದರೆ ಸಕ್ಕರೆ ಕಂದುಗಟ್ಟತೊಡಗಿ, ಇನ್ನೂ ಏರಿದರೆ ಕಹಿಯಾಗುತ್ತದೆ. ಸಣ್ಣ ಉರಿ ಬೇಕೆನ್ನುವುದು ಅದಕ್ಕಾಗಿ.

ಖೋವಾ ಬೆರೆತ ಮಂಡಿಗೆಯನ್ನು ಎರಡು ಮೂರು ದಿನಗಳಲ್ಲಿ ಮುಗಿಸಬೇಕು. ಬಹುಕಾಲ ಇಡಬೇಕೆನ್ನುವವರು ಖೋವಾ ಬಿಟ್ಟು, ಅಷ್ಟೇ ತೂಕದ ಹುರಿದ ಚಿರೋಟಿ ರವೆಯನ್ನು ಬಳಸಿ, ಗಾಳಿಯಾಡದ ಡಬ್ಬಿಯಲ್ಲಿಡಬಹುದು. ಮಳೆಗಾಲದಲ್ಲಿ ಇದು ಬೇಗ ಮೆತ್ತಗಾಗುತ್ತದೆ.

ಇನ್ನೊಂದು ಮಾತನ್ನು ಮುಚ್ಚಿಡಲಾಗದು. ಈ ಅಳತೆಯ ಒಂದು ಮಂಡಿಗೆಯಲ್ಲಿ ಸುಮಾರು ೧೯ ಗ್ರಾಂ ಸಕ್ಕರೆಯಿದೆ, ಅಂದರೆ ನಾಲ್ಕು ಸಣ್ಣ ಚಮಚಕ್ಕಿಂತ ತುಸು ಹೆಚ್ಚು. ಸಕ್ಕರೆ ಕಾಯಿಲೆಯಿರುವವರು ಹಬ್ಬದ ನೆಪದಲ್ಲಿ ಮೈಮರೆಯಬಾರದು. ನಮ್ಮ ಯಜಮಾನರಿಗೆ ಒಂದು ಮೂಲೆಯ ಚೂರು, ಅದೂ ಊಟದ ಕೊನೆಯಲ್ಲಿ, ಎಂಬ ನಿಯಮವನ್ನು ಅತ್ತೆಯವರೇ ಮಾಡಿದ್ದರು. ತಾವು ತಿನ್ನುವುದಕ್ಕಿಂತ ನೆರೆಯವರ ಬಟ್ಟಲಿಗೆ ಹಾಕುವುದರಲ್ಲಿಯೇ ಈ ತಿನಿಸಿನ ಸೊಗಸಿದೆ ಎಂಬುದು ಅವರ ನಂಬಿಕೆಯಾಗಿತ್ತು.

ಹಾಲು, ಹಿಟ್ಟು, ಸಕ್ಕರೆ

ಜಗತ್ತಿನ ತಾಯಂದಿರ ಬುದ್ಧಿ ಒಂದೇ ಎಂಬುದಕ್ಕೆ ಒಂದು ನಿದರ್ಶನ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಹಾಲಿನ ಕೆನೆ, ಸಕ್ಕರೆ, ಸ್ವಲ್ಪ ಹಿಟ್ಟು ಸೇರಿಸಿ, ಮೈದಾ ಹಿಟ್ಟಿನ ಬಟ್ಟಲಿನಲ್ಲಿ ಸುರಿದು ಒಲೆಯೊಳಗಿಟ್ಟು ಬೇಯಿಸುವ ‘ಪೈ’ ಒಂದಿದೆ. ಚಳಿಗಾಲದಲ್ಲಿ ಹಣ್ಣುಗಳು ಮುಗಿದಾಗ, ಮನೆಯಲ್ಲಿ ಸದಾ ಇರುವ ಸಾಮಗ್ರಿಗಳಿಂದಲೇ ಅಲ್ಲಿನ ರೈತಗಿತ್ತಿಯರು ಸಿಹಿ ಮಾಡುತ್ತಿದ್ದರು. ೨೦೦೯ರಲ್ಲಿ ಆ ರಾಜ್ಯದ ಸೆನೆಟ್ ಸಭೆ ಅದನ್ನು ತಮ್ಮ ನಾಡಿನ ಪೈ ಎಂದು ಠರಾವಿನ ಮೂಲಕ ಗೌರವಿಸಿತು. ಅವರು ಕೆನೆಯನ್ನು ಒಳಗೆ ತುಂಬಿದರು, ನಾವು ಮೇಲೆ ಸುರಿದೆವು, ಭೇದ ಇಷ್ಟೇ. ಬಡತನದಲ್ಲಿ ಹುಟ್ಟಿದ ತಮ್ಮ ತಿನಿಸಿಗೆ ಅವರು ನಾಚಲಿಲ್ಲ. ಅರಮನೆಯ ಗ್ರಂಥದಲ್ಲಿ ಸ್ಥಾನ ಪಡೆದ ನಮ್ಮದನ್ನು ನಾವು ಗಾದೆಗಷ್ಟೇ ಉಳಿಸಿಕೊಂಡಿದ್ದೇವೆ.

ಬೇಕಾದುದೆಲ್ಲವೂ ನಮ್ಮ ಬಾಗಿಲಲ್ಲಿಯೇ ಇದೆ. ಯಲಹಂಕದಲ್ಲಿ ಮದರ್ ಡೇರಿ ಇದೆ. ಯಶವಂತಪುರದ ಮಾರುಕಟ್ಟೆಯಲ್ಲಿ ದಿನಸಿಗೆ ಕೊರತೆಯಿಲ್ಲ. ಬೇಯಿಸುವ ವಿದ್ಯೆಯನ್ನು ಶಾಸ್ತ್ರೀಯವಾಗಿ ಕಲಿಯುವ ಮನಸ್ಸಿರುವ ತರುಣ ತರುಣಿಯರಿಗೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬೇಕರಿ ತರಬೇತಿಯೂ ದೊರೆಯುತ್ತದೆ. ಬೀದಿಬೀದಿಯಲ್ಲಿ ಹೋಳಿಗೆಯ ಅಂಗಡಿಗಳು ತೆರೆದಿರುವುದು ಸಂತೋಷದ ಸಂಗತಿಯೇ. ದುಡಿದು ದಣಿದ ಹೆಣ್ಣುಮಕ್ಕಳು ಅಲ್ಲಿಂದ ತಂದರೆ ತಪ್ಪಿಲ್ಲ; ಅದೂ ಒಬ್ಬರ ಕಾಯಕವೇ. ಆದರೆ ವರ್ಷಕ್ಕೊಮ್ಮೆಯಾದರೂ ಮನೆಯ ಹಿರಿಯರನ್ನು ಅಡುಗೆಮನೆಯ ಬಾಗಿಲಲ್ಲಿ ಕೂರಿಸಿಕೊಂಡು, ಗಂಡುಮಕ್ಕಳನ್ನೂ ಸೇರಿಸಿಕೊಂಡು, ಮನೆತನದ ಒಂದು ತಿನಿಸನ್ನು ಮಾಡಬೇಡವೇ?

ನಮ್ಮ ಅತ್ತೆಯವರು ಅದಾದ ಮೂರನೆಯ ಶ್ರಾವಣದಲ್ಲಿ ಲಿಂಗೈಕ್ಯರಾದರು. ಮರುವರ್ಷದ ಬಸವ ಜಯಂತಿಯಂದು ಮಗಳು ನೋಟುಪುಸ್ತಕ ತೆರೆದಿಟ್ಟು, ತಕ್ಕಡಿಯಲ್ಲಿ ೨೮ ಗ್ರಾಂ ತೂಗಿ, ಆ ಹೂರಣವನ್ನು ತನ್ನ ಮುಷ್ಟಿಯಲ್ಲಿ ಹಿಡಿದು ನೋಡಿದಳು. ಅವಳ ಹಿಡಿಗೆ ಅದು ತುಸು ಹೆಚ್ಚಾಯಿತು. ‘ಆಯಿಯ ಕೈ ನನ್ನದಕ್ಕಿಂತ ದೊಡ್ಡದಿತ್ತು’ ಎಂದಳು. ಬಾಗಿಲ ಬಳಿಯ ಕುರ್ಚಿಯನ್ನು ಯಾರೂ ಸರಿಸಿರಲಿಲ್ಲ. ಆ ದಿನ ಹದಿನಾರು ಮಂಡಿಗೆಗಳಾದವು. ಎರಡು ಹರಿದವು, ಹದಿನಾಲ್ಕು ನೆಟ್ಟಗಾದವು. ಹತ್ತನ್ನು ನೆರೆಮನೆಗಳಿಗೆ ಕಳುಹಿಸಿದೆವು.

ಓದುಗ ಬಂಧುಗಳೇ, ನಿಮ್ಮ ಮನೆಯಲ್ಲಿ ಹಿರಿಯ ಕೈಯೊಂದು ಇನ್ನೂ ಆಡುತ್ತಿದ್ದರೆ, ಮುಂದಿನ ಹಬ್ಬದವರೆಗೆ ಕಾಯಬೇಡಿರಿ. ಅದು ಮಂಡಿಗೆಯೇ ಆಗಬೇಕೆಂದಿಲ್ಲ; ಕಾಯಿ ಒಬ್ಬಟ್ಟಾಗಲಿ, ಸಜ್ಜಕವಾಗಲಿ, ಶೇಂಗಾ ಹೋಳಿಗೆಯಾಗಲಿ. ಒಂದು ತಕ್ಕಡಿ, ಒಂದು ನೋಟುಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಿರಿ. ಆ ಕೈಯ ಹಿಡಿಯನ್ನು ಇಂದೇ ತೂಗಿ ಬರೆದಿಡಿರಿ.